ಹಳೆಯ ಟ್ರಾಕ್ಟರಿನ ಗಟ್ಟಿ ಸ್ಟೀರಿಂಗ್: ಪೆಟ್ಟಿಗೆ ಬಿಚ್ಚುವ ಮೊದಲು ನೋಡಬೇಕಾದದ್ದು

(ಬೆಂಗಳೂರಿನಲ್ಲಿ ಸುತ್ತಲಿನ ತಾಲ್ಲೂಕುಗಳ ರೈತರು, ಟ್ರಾಕ್ಟರ್ ಚಾಲಕರು ಮತ್ತು ಮೆಕ್ಯಾನಿಕ್‌ಗಳ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ರೈತ ಬಂಧುಗಳೇ, ಟ್ರಾಕ್ಟರ್ ಓಡಿಸುವ ಮತ್ತು ದುರಸ್ತಿ ಮಾಡುವ ಗೆಳೆಯರೇ,

ಆನೇಕಲ್, ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ, ನೆಲಮಂಗಲ, ಮಾಗಡಿ ಕಡೆಯಿಂದ ಬಂದಿರುವ ನಿಮ್ಮಲ್ಲಿ ಹಲವರ ಅಂಗಳದಲ್ಲಿ ಇಪ್ಪತ್ತು ಮೂವತ್ತು ವರ್ಷ ದುಡಿದ ಟ್ರಾಕ್ಟರ್ ಇನ್ನೂ ಇದೆ. ಮಹೀಂದ್ರ, ಮ್ಯಾಸಿ, ಸ್ವರಾಜ್, ಐಷರ್, ಎಸ್ಕಾರ್ಟ್ಸ್, ಎಚ್‌ಎಂಟಿ ಎಂದು ಹೆಸರುಗಳು ಬೇರೆಯಾದರೂ ಅವುಗಳ ಮಾಲೀಕರಿಂದ ಒಂದು ದೂರು ಮಾತ್ರ ಒಂದೇ ಧಾಟಿಯಲ್ಲಿ ಬರುತ್ತದೆ: ‘ಸ್ಟೀರಿಂಗ್ ತುಂಬಾ ಗಟ್ಟಿ ಆಗಿದೆ, ಒಂದು ಗಂಟೆ ಓಡಿಸಿದರೆ ಭುಜ ಹಿಡಿದುಕೊಳ್ಳುತ್ತೆ.’ ಈ ಮಾತು ಕಿವಿಗೆ ಬಿದ್ದ ಕೂಡಲೇ ಅನೇಕ ಗ್ಯಾರೇಜುಗಳಲ್ಲಿ ಸ್ಟೀರಿಂಗ್ ಪೆಟ್ಟಿಗೆಯ ಬೋಲ್ಟುಗಳಿಗೆ ಸ್ಪ್ಯಾನರ್ ಹಾಕುತ್ತಾರೆ. ನಾನು ಇಂದು ಹೇಳಲು ಬಂದಿರುವುದು ಅದಕ್ಕೆ ವಿರುದ್ಧವಾದ ಮಾತನ್ನು. ಗಟ್ಟಿತನ ಎಲ್ಲಿ ಕುಳಿತಿದೆ ಎಂಬುದನ್ನು ಭಾಗ ಭಾಗವಾಗಿ ಬೇರ್ಪಡಿಸಿ ಕಂಡುಕೊಳ್ಳುವವರೆಗೆ ಪೆಟ್ಟಿಗೆಯನ್ನು ಮುಟ್ಟಬಾರದು. ಹಾಗೆ ಹುಡುಕುತ್ತ ಹೋದಾಗ ನನ್ನ ಅನುಭವದಲ್ಲಿ ದೋಷ ಹೆಚ್ಚಾಗಿ ಸಿಕ್ಕಿರುವುದು ಚಾಲಕನ ಕೈಯ ಹತ್ತಿರವಲ್ಲ, ನೆಲದ ಹತ್ತಿರ.

ಇದು ಕೇವಲ ತೋಳು ನೋವಿನ ವಿಷಯವಲ್ಲ. ಬೆಂಗಳೂರಿನ ಸುತ್ತ ಹಳೆಯ ಟ್ರಾಕ್ಟರುಗಳಲ್ಲಿ ಬಹಳಷ್ಟು ಈಗ ಹೊಲಕ್ಕಿಂತ ರಸ್ತೆಯ ಮೇಲೆಯೇ ಹೆಚ್ಚು ಓಡುತ್ತಿವೆ. ವೈಟ್‌ಫೀಲ್ಡ್, ಬೆಳ್ಳಂದೂರು, ಮಹದೇವಪುರದ ಕಡೆ ನೀರಿನ ಟ್ಯಾಂಕರ್ ಎಳೆಯುವ, ಕಟ್ಟಡಗಳಿಗೆ ಎಂ-ಸ್ಯಾಂಡ್ ಮತ್ತು ಇಟ್ಟಿಗೆ ಸಾಗಿಸುವ ಟ್ರಾಕ್ಟರುಗಳು ಕಿರಿದಾದ ಅಡ್ಡರಸ್ತೆಗಳಲ್ಲಿ ದಿನವಿಡೀ ತಿರುಗುತ್ತವೆ. ಅಂತಹ ರಸ್ತೆಯಲ್ಲಿ ಮಗುವೊಂದು ಅಡ್ಡ ಬಂದಾಗ ಸ್ಟೀರಿಂಗ್ ಅರ್ಧ ಕ್ಷಣ ತಡವಾಗಿ ತಿರುಗಿದರೂ ಆಗಬಾರದ್ದು ಆಗಿಹೋಗುತ್ತದೆ. ಆದ್ದರಿಂದ ‘ಹಳೆಯ ಗಾಡಿ, ಹೀಗೇ ಇರುತ್ತದೆ’ ಎಂದು ಹೊಂದಿಕೊಂಡು ಹೋಗುವುದನ್ನು ನಾನು ಒಪ್ಪುವುದಿಲ್ಲ. ಪವರ್ ಸ್ಟೀರಿಂಗ್ ಇಲ್ಲದ ಟ್ರಾಕ್ಟರ್ ಕೂಡ, ಎಲ್ಲ ಭಾಗಗಳೂ ಸರಿಯಾಗಿದ್ದರೆ, ನಿಧಾನವಾಗಿ ಚಲಿಸುತ್ತಿರುವಾಗ ಸಾಧಾರಣ ಮೈಕಟ್ಟಿನ ಮನುಷ್ಯನ ಕೈಗೆ ಸಲೀಸಾಗಿ ತಿರುಗಬೇಕು.

ಮೊದಲು ಶಕ್ತಿ ಸಾಗುವ ದಾರಿಯನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳೋಣ. ಸ್ಟೀರಿಂಗ್ ಚಕ್ರವನ್ನು ತಿರುಗಿಸಿದಾಗ ಅದರ ಕೆಳಗಿನ ಕೊಳವೆಯ, ಅಂದರೆ ಕಾಲಂ, ಒಳಗಿನ ಶಾಫ್ಟ್ ತಿರುಗಿ ಪೆಟ್ಟಿಗೆಯೊಳಗಿನ ವರ್ಮ್ ಎಂಬ ಸುರುಳಿ ಹಲ್ಲಿನ ದಂಡವನ್ನು ತಿರುಗಿಸುತ್ತದೆ. ವರ್ಮ್ ಮೇಲೆ ಕೂತಿರುವ ನಟ್, ಅನೇಕ ಮಾದರಿಗಳಲ್ಲಿ ಸಣ್ಣ ಉಕ್ಕಿನ ಗುಂಡುಗಳ ಮೇಲೆ ಜಾರುತ್ತ, ಹಲ್ಲುಗಳಿರುವ ಸೆಕ್ಟರ್ ಶಾಫ್ಟನ್ನು ತಿರುಗಿಸುತ್ತದೆ. ಆ ಶಾಫ್ಟಿನ ತುದಿಯ ಡ್ರಾಪ್ ಆರ್ಮ್ ಹಿಂದೆ ಮುಂದೆ ಆಡಿದಾಗ ಡ್ರ್ಯಾಗ್ ಲಿಂಕ್ ಮುಂದಿನ ಚಕ್ರವನ್ನು ಹೊತ್ತಿರುವ ಸ್ಪಿಂಡಲ್‌ನ ಆರ್ಮನ್ನು ಎಳೆಯುತ್ತದೆ ಅಥವಾ ತಳ್ಳುತ್ತದೆ, ಟೈ ರಾಡ್ ಅದೇ ಚಲನೆಯನ್ನು ಇನ್ನೊಂದು ಚಕ್ರಕ್ಕೆ ಮುಟ್ಟಿಸುತ್ತದೆ. ಹಳೆಯ ಮ್ಯಾಸಿ ಮಾದರಿಯವುಗಳಲ್ಲಿ ಮಾತ್ರ ಪೆಟ್ಟಿಗೆಯ ಎರಡೂ ಪಕ್ಕಕ್ಕೆ ಒಂದೊಂದು ಡ್ರಾಪ್ ಆರ್ಮ್ ಮತ್ತು ಒಂದೊಂದು ಡ್ರ್ಯಾಗ್ ಲಿಂಕ್ ಇರುವುದರಿಂದ ಅಡ್ಡ ಟೈ ರಾಡ್ ಇರುವುದಿಲ್ಲ. ಕೊನೆಯಲ್ಲಿ ಎಲ್ಲ ಭಾರವನ್ನೂ ಹೊತ್ತು ತಿರುಗುವುದು ಚಕ್ರ ಎಡಬಲಕ್ಕೆ ತಿರುಗಲು ಆಧಾರವಾದ ನಿಲುವು ಪಿನ್, ಅಂದರೆ ಕಿಂಗ್ ಪಿನ್, ಅದನ್ನು ಸುತ್ತುವರಿದ ಲೋಹದ ಬಳೆಗಳಾದ ಬುಷ್‌ಗಳು ಮತ್ತು ಅದರ ಕೆಳಗೆ ಮೇಲಿನ ಭಾರವನ್ನು ಹೊರುವ ಥ್ರಸ್ಟ್ ಬೇರಿಂಗ್. ಈ ಸರಪಳಿಯ ಯಾವ ಕೊಂಡಿ ಹಿಡಿದುಕೊಂಡರೂ ಕೈಗೆ ತಿಳಿಯುವುದು ಒಂದೇ ವಿಧದ ಭಾರ. ಕೈಯ ಅನುಭವವನ್ನಷ್ಟೇ ನಂಬಿ ಯಾವ ಕೊಂಡಿ ಎಂದು ಹೇಳಲು ಎಂಥ ನುರಿತವರಿಗೂ ಸಾಧ್ಯವಿಲ್ಲ.

ಹಾಗಾಗಿ ಮೊದಲ ಪರೀಕ್ಷೆ ಗಾಳಿಯದು. 6.00-16 ಅಳತೆಯ ಮುಂದಿನ ಟೈರಿಗೆ ಸಾಮಾನ್ಯವಾಗಿ 28ರಿಂದ 36 ಪಿಎಸ್‌ಐ ಆಸುಪಾಸಿನ ಒತ್ತಡ ಬೇಕಾಗುತ್ತದೆ; ಖಚಿತ ಅಂಕಿಯನ್ನು ಟ್ರಾಕ್ಟರಿನ ಕೈಪಿಡಿಯಲ್ಲಿ ಅಥವಾ ಟೈರಿನ ಪಕ್ಕದ ಬರಹದಲ್ಲಿ ನೋಡಿಕೊಳ್ಳಬೇಕು. ಟೈರನ್ನು ಒದ್ದು ನೋಡಿ ‘ಗಾಳಿ ಇದೆ’ ಎನ್ನುವುದು ಪರೀಕ್ಷೆಯಲ್ಲ, ಗೇಜ್ ಹಿಡಿಯಬೇಕು. ಗಾಳಿ ಕಡಿಮೆಯಾದಾಗ ಟೈರಿನ ಅಡಿ ನೆಲದ ಮೇಲೆ ಅಗಲವಾಗಿ ಹರಡಿ, ಆ ಇಡೀ ರಬ್ಬರನ್ನು ಡಾಂಬರಿನ ಮೇಲೆ ತಿರುಚುವ ಕೆಲಸ ಚಾಲಕನ ತೋಳಿನ ಮೇಲೆ ಬೀಳುತ್ತದೆ. ಉತ್ತ ಹೊಲದ ಸಡಿಲ ಮಣ್ಣಿನಲ್ಲಿ ಗೊತ್ತಾಗದ ಈ ಕೊರತೆ ಕಾಂಕ್ರೀಟ್ ರಸ್ತೆಯಲ್ಲಿ ಕೂಡಲೇ ಗೊತ್ತಾಗುತ್ತದೆ. ಜೊತೆಗೆ ಮುಂದಿನ ಟೈರುಗಳನ್ನು ಕಂಪನಿ ಹೇಳಿದ್ದಕ್ಕಿಂತ ಅಗಲವಾದವುಗಳಿಗೆ ಬದಲಾಯಿಸಿದ್ದಾರೆಯೇ, ಸಾಲಿನ ಅಂತರ ಹೆಚ್ಚಿಸಲೆಂದು ಚಕ್ರದ ಡಿಸ್ಕನ್ನು ತಿರುಗಿಸಿ ಹಾಕಿದ್ದಾರೆಯೇ, ಬಂಪರ್ ಮೇಲೆ ಬೇಸಾಯದ ಕಾಲದಲ್ಲಿ ಹಾಕಿದ ತೂಕಗಳು ಹಾಗೇ ಉಳಿದಿವೆಯೇ ಎಂದು ನೋಡಬೇಕು. ಡಿಸ್ಕ್ ತಿರುಗಿಸಿ ಹಾಕಿದಾಗ ಚಕ್ರದ ನಡುರೇಖೆ ಕಿಂಗ್ ಪಿನ್ನಿನಿಂದ ದೂರ ಸರಿಯುತ್ತದೆ. ಆಗ ಟೈರು ನಿಂತಲ್ಲೇ ತಿರುಗುವ ಬದಲು ದೊಡ್ಡ ಕಮಾನಿನಲ್ಲಿ ಉಜ್ಜಿಕೊಂಡು ಹೋಗಬೇಕಾಗುತ್ತದೆ, ಕಲ್ಲು ಗುಂಡಿಯ ಏಟು ಕೂಡ ನೇರವಾಗಿ ಕೈಗೆ ಬರುತ್ತದೆ. ಟೊಮೆಟೊ ಸಾಲಿಗೋ ದ್ರಾಕ್ಷಿ ತೋಟಕ್ಕೋ ಬೇಕೆಂದು ಒಮ್ಮೆ ಮಾಡಿದ ಬದಲಾವಣೆಯನ್ನು ಮರೆತು, ವರ್ಷಗಳ ನಂತರ ‘ಸ್ಟೀರಿಂಗ್ ಕೆಟ್ಟಿದೆ’ ಎಂದು ಬರುವವರಿದ್ದಾರೆ.

ಇಲ್ಲೇ ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ಚಕ್ರಗಳು ಸಲೀಸಾಗಿ ತಿರುಗಿದರೂ ಟ್ರಾಕ್ಟರ್ ಮಾತ್ರ ನೇರವಾಗಿಯೇ ನುಗ್ಗುತ್ತಿದ್ದರೆ ದೋಷ ಸ್ಟೀರಿಂಗಿನದಲ್ಲ. ಡಿಫರೆನ್ಷಿಯಲ್ ಲಾಕ್ ಬಿಡದೆ ಸಿಕ್ಕಿಕೊಂಡಿರಬಹುದು. ಹಿಂದಿನ ಎರಡೂ ಚಕ್ರಗಳು ಒಂದೇ ವೇಗದಲ್ಲಿ ಉರುಳುತ್ತಿರುವಾಗ ಟ್ರಾಕ್ಟರ್ ತಿರುವಿಗೆ ಒಗ್ಗುವುದಿಲ್ಲ, ಚಾಲಕನಿಗೆ ಅದು ಸ್ಟೀರಿಂಗಿನ ಹಠವಾಗಿ ಕಾಣುತ್ತದೆ. ಲಾಕಿನ ಪೆಡಲ್ ಪೂರ್ತಿ ಮೇಲೆ ಬರುತ್ತಿದೆಯೇ, ಅದರ ಸ್ಪ್ರಿಂಗ್ ಇದೆಯೇ ಎಂದು ನೋಡಲು ಒಂದು ನಿಮಿಷ ಸಾಕು.

ಗಾಳಿ, ತೂಕ, ಟೈರು ಸರಿ ಇದ್ದರೆ ಎರಡನೆಯ ಪರೀಕ್ಷೆಗೆ ಹೋಗಬೇಕು. ಅದು ಮುಂಭಾಗವನ್ನು ನೆಲದಿಂದ ಎತ್ತುವುದು. ಎತ್ತುವ ಕ್ರಮದ ಬಗ್ಗೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಸ್ಟೀರಿಂಗ್ ದುರಸ್ತಿಯಲ್ಲಿ ಜೀವಕ್ಕೆ ಅಪಾಯವಿರುವುದು ಇಲ್ಲೇ. ಟ್ರಾಕ್ಟರನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಟ್ರೇಲರ್ ಕಳಚಿ, ಎಂಜಿನ್ ಆಫ್ ಮಾಡಿ, ಹ್ಯಾಂಡ್ ಬ್ರೇಕ್ ಹಾಕಿ, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಮರದ ತಡೆ ಕೊಡಬೇಕು. ಮುಂದಿನ ಆಕ್ಸಲ್ ನಡುವಿನ ಪಿನ್ ಮೇಲೆ ಎರಡೂ ಕಡೆಗೆ ತೂಗಾಡುವ ರಚನೆಯದು. ಆದ್ದರಿಂದ ಜಾಕ್ ಏರಿಸಿದ ಮೇಲೆ ಟ್ರಾಕ್ಟರ್ ಪಕ್ಕಕ್ಕೆ ವಾಲದಂತೆ ಆಕ್ಸಲ್ ಮತ್ತು ಅದರ ಮೇಲಿನ ಬ್ರ್ಯಾಕೆಟ್ ನಡುವೆ ಎರಡೂ ಬದಿಗೆ ಮರದ ಬೆಣೆ ಹೊಡೆಯಬೇಕು. ಆಮೇಲೆ ಆಕ್ಸಲ್‌ನ ಎರಡೂ ಬದಿಗೆ ಗಟ್ಟಿ ಸ್ಟ್ಯಾಂಡ್ ಕೊಟ್ಟು ಭಾರವನ್ನು ಅವುಗಳ ಮೇಲೆ ಇಳಿಸಬೇಕು. ಇಟ್ಟಿಗೆ ಜೋಡಿಸಿ, ಸೈಜುಗಲ್ಲು ಇಟ್ಟು ಕೆಳಗೆ ನುಗ್ಗುವವರನ್ನು ನಾನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಇಟ್ಟಿಗೆ ಸೀಳುವಾಗ ಮುನ್ಸೂಚನೆ ಕೊಡುವುದಿಲ್ಲ.

ಚಕ್ರಗಳು ನೆಲ ಬಿಟ್ಟ ಮೇಲೆ ಸ್ಟೀರಿಂಗನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ನಿಧಾನವಾಗಿ ತಿರುಗಿಸಿ. ಆಗಲೂ ಭಾರವಾಗಿದ್ದರೆ ದೋಷ ಯಂತ್ರದ ಭಾಗಗಳಲ್ಲೇ ಇದೆ. ಆಗ ಡ್ರ್ಯಾಗ್ ಲಿಂಕನ್ನು ಡ್ರಾಪ್ ಆರ್ಮ್ ಬಳಿ ಕಳಚಬೇಕು. ಅಲ್ಲಿನ ಗುಂಡುತಲೆಯ ಕೀಲಾದ ಬಾಲ್ ಜಾಯಿಂಟಿನ ನಟ್ ತೆಗೆದ ಮೇಲೆ ಅದರ ಮರೆಯ (ಥ್ರೆಡ್‌ನ) ತುದಿಗೆ ಸುತ್ತಿಗೆಯಿಂದ ಹೊಡೆದರೆ ಮರೆ ಹಾಳಾಗುತ್ತದೆ, ಜಾಯಿಂಟ್ ಬಿಡುವುದಿಲ್ಲ. ಆರ್ಮಿನ ಕಣ್ಣಿನ ಒಂದು ಪಕ್ಕಕ್ಕೆ ಭಾರದ ಸುತ್ತಿಗೆಯನ್ನು ಒತ್ತಿ ಹಿಡಿದು, ಎದುರು ಪಕ್ಕಕ್ಕೆ ಇನ್ನೊಂದು ಸುತ್ತಿಗೆಯಿಂದ ಚುರುಕಾಗಿ ಏಟು ಕೊಟ್ಟರೆ ಓರೆಯಾದ ಪಿನ್ ತಾನಾಗಿ ಸಡಿಲವಾಗುತ್ತದೆ. ಲಿಂಕ್ ಕಳಚಿದ ಮೇಲೆ ಟ್ರಾಕ್ಟರಿನ ಸ್ಟೀರಿಂಗ್ ಎರಡು ಭಾಗವಾಯಿತು. ಸ್ಟೀರಿಂಗ್ ಚಕ್ರ ಭಾರವಾಗಿ ತಿರುಗಿದರೆ ಕಾಲಂ ಅಥವಾ ಪೆಟ್ಟಿಗೆ. ಅದು ಹಗುರವಾಗಿದ್ದು, ಮುಂದಿನ ಚಕ್ರಗಳನ್ನು ಕೈಯಿಂದ ತಳ್ಳಿದಾಗ ಅವು ಬಿಗಿಯಾಗಿದ್ದರೆ ಕಿಂಗ್ ಪಿನ್ ಅಥವಾ ಜಾಯಿಂಟುಗಳು. ಟೈ ರಾಡನ್ನೂ ಕಳಚಿದರೆ ಎಡವೋ ಬಲವೋ ಎಂಬುದು ಕೂಡ ಗೊತ್ತಾಗುತ್ತದೆ. ಲಿಂಕ್ ಕಳಚಿರುವಾಗ ಸ್ಟೀರಿಂಗನ್ನು ಕೊನೆಯವರೆಗೆ ರಭಸದಿಂದ ತಿರುಗಿಸಿ ಬಡಿಸಬಾರದು. ಜೋಡಣೆಯಲ್ಲಿದ್ದಾಗ ತಿರುವಿನ ಮಿತಿಯನ್ನು ಕಾಯುವುದು ಸ್ಪಿಂಡಲ್ ಹತ್ತಿರದ ತಡೆಗಳು. ಅವು ಇಲ್ಲದಾಗ ಒಳಗಿನ ನಟ್ ವರ್ಮ್‌ನ ತುದಿಗೆ ಬಡಿದು ಗುಂಡುಗಳ ದಾರಿಗೆ ಪೆಟ್ಟಾಗುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಎತ್ತಿದಾಗ ಹಗುರ, ಇಳಿಸಿದಾಗ ಭಾರ ಎಂದಾದರೆ ‘ಟೈರಿನದೇ ದೋಷ, ಕಿಂಗ್ ಪಿನ್ ಚೆನ್ನಾಗಿದೆ’ ಎಂದು ಅನೇಕರು ತೀರ್ಮಾನಿಸುತ್ತಾರೆ. ಈ ತೀರ್ಮಾನ ಅವಸರದ್ದು. ಆಕ್ಸಲ್ ಕೆಳಗೆ ಜಾಕ್ ಕೊಟ್ಟು ಎತ್ತಿದಾಗ ಚಕ್ರ ಕೆಳಕ್ಕೆ ಜೋತು ಬೀಳುವುದರಿಂದ ಥ್ರಸ್ಟ್ ಬೇರಿಂಗಿನ ಮೇಲಿನ ಒತ್ತಡ ಹೋಗಿಬಿಡುತ್ತದೆ. ತುಕ್ಕು ಹಿಡಿದ, ಗುಂಡು ಒಡೆದ ಬೇರಿಂಗ್ ಕೂಡ ಆಗ ಏನೂ ಆಗಿಲ್ಲವೆಂಬಂತೆ ತಿರುಗುತ್ತದೆ. ನೆಲಕ್ಕೆ ಇಳಿದು ಟ್ರಾಕ್ಟರಿನ ಮುಂಭಾರ ಅದರ ಮೇಲೆ ಕೂತಾಗಲಷ್ಟೇ ಅದು ಹಿಡಿದುಕೊಳ್ಳುವುದು. ಇದನ್ನು ಪತ್ತೆ ಹಚ್ಚಲು ರಸ್ತೆಯ ಮೇಲಿನ ಒಂದು ಲಕ್ಷಣ ನೆರವಾಗುತ್ತದೆ: ತಿರುವು ಮುಗಿದ ಮೇಲೆ ಕೈ ಸಡಿಲಿಸಿದರೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳಲು ಹೊರಡಬೇಕು. ಗಾಳಿ ಸರಿ ಇದ್ದೂ, ಎತ್ತಿದಾಗ ಹಗುರವಿದ್ದೂ, ಓಡುವಾಗ ಅದು ಮರಳದೆ ಹಾಗೇ ನಿಂತರೆ ನಾನು ಮೊದಲು ಅನುಮಾನಿಸುವುದು ಥ್ರಸ್ಟ್ ಬೇರಿಂಗನ್ನೇ.

ಈಗ ಕಿಂಗ್ ಪಿನ್ನಿನ ವಿಷಯಕ್ಕೆ ಬರೋಣ. ನಮ್ಮ ಭಾಗದ ಕೆಂಪು ಮಣ್ಣಿನ ಧೂಳು ಬಹಳ ನುಣುಪು. ರಾಗಿ ಹೊಲದಲ್ಲಿ ಬೇಸಿಗೆ ಉಳುಮೆ ಮಾಡುವಾಗ ಅದು ಸೀಲಿನ ಅಂಚಿನಲ್ಲಿ ಕೂತು, ಹಳೆಯ ಗ್ರೀಸಿನೊಡನೆ ಬೆರೆತು ಸಾಣೆ ಹಿಡಿಯುವ ಪುಡಿಯಂತೆ ಬುಷ್‌ಗಳನ್ನು ಸವೆಸುತ್ತದೆ. ಕೆರೆ ಬಯಲಿನ ಗದ್ದೆಯಲ್ಲಿ ಕೆಸರು ತುಳಿಸಿದ ಟ್ರಾಕ್ಟರುಗಳಿಗೆ ನೀರು ಒಳಹೋಗಿ ತುಕ್ಕು ಹಿಡಿಯುತ್ತದೆ. ಕಟ್ಟಡ ಕೆಲಸದಲ್ಲಿರುವವಕ್ಕೆ ಸಿಮೆಂಟಿನ ಧೂಳು. ಈ ಮೂರಕ್ಕೂ ಮದ್ದು ಗ್ರೀಸ್ ಎಂದು ಎಲ್ಲರಿಗೂ ಗೊತ್ತು, ‘ಗ್ರೀಸ್ ಹೊಡೆಯುತ್ತಲೇ ಇದ್ದೇವೆ’ ಎಂದು ಎಲ್ಲರೂ ಹೇಳುತ್ತಾರೆ, ಅದು ಸುಳ್ಳೂ ಅಲ್ಲ. ಆದರೆ ಗ್ರೀಸ್ ಗನ್ನಿನಿಂದ ಹೊರಟ ಗ್ರೀಸ್ ಪಿನ್ನಿಗೆ ತಲುಪಿತೇ ಎಂಬುದನ್ನು ನೋಡುವವರು ಕಡಿಮೆ. ಗ್ರೀಸ್ ಒಳಹೋಗುವ ಸಣ್ಣ ಬಾಯಿ, ಅಂದರೆ ನಿಪ್ಪಲ್, ಕಟ್ಟಿಕೊಂಡಿದ್ದರೆ ಗ್ರೀಸ್ ಗನ್ನಿನ ಬಾಯಿಯ ಸುತ್ತಲೇ ಹಿಂದಕ್ಕೆ ಬಂದು ಹೊರಗೆ ಮೆತ್ತಿಕೊಳ್ಳುತ್ತದೆ. ನೋಡುವವರಿಗೆ ಜಾಗವೆಲ್ಲ ಗ್ರೀಸುಮಯ, ಒಳಗಿನ ಪಿನ್ ಒಣಗಿದೆ.

ಸರಿಯಾದ ಕ್ರಮ ಹೀಗಿದೆ. ಮೊದಲು ನಿಪ್ಪಲನ್ನು ಬಟ್ಟೆಯಿಂದ ಒರೆಸಿ. ಇಲ್ಲದಿದ್ದರೆ ಅದರ ಮೇಲಿನ ಮಣ್ಣನ್ನು ನಾವೇ ಒಳಗೆ ತಳ್ಳುತ್ತೇವೆ. ಮುಂಭಾಗವನ್ನು ಮೇಲೆ ಹೇಳಿದ ಕ್ರಮದಲ್ಲಿ ಎತ್ತಿ, ಚಕ್ರ ಜೋತಾಡುತ್ತಿರುವಾಗಲೇ ಗ್ರೀಸ್ ಹೊಡೆಯಿರಿ. ಭಾರ ಕೂತಿರುವಾಗ ಥ್ರಸ್ಟ್ ಬೇರಿಂಗಿನ ಮುಖಗಳು ಒಂದಕ್ಕೊಂದು ಒತ್ತಿಕೊಂಡಿರುವುದರಿಂದ ಗ್ರೀಸಿಗೆ ಎಡೆ ಸಿಗುವುದಿಲ್ಲ. ಎತ್ತಿದಾಗ ಎಡೆ ಬಿಡುತ್ತದೆ. ಒಬ್ಬರು ಗನ್ ಒತ್ತುತ್ತಿರುವಾಗ ಇನ್ನೊಬ್ಬರು ಚಕ್ರವನ್ನು ಎಡಕ್ಕೂ ಬಲಕ್ಕೂ ತಿರುಗಿಸುತ್ತಿರಬೇಕು. ಪಿನ್ನಿನ ಮೇಲುಗಡೆ ಮತ್ತು ಕೆಳಗಡೆ ಎರಡೂ ಕಡೆ ಹೊಸ ಗ್ರೀಸಿನ ಬಣ್ಣ ಕಾಣುವವರೆಗೆ ಹೊಡೆಯಬೇಕು, ಮೊದಲು ಹೊರಬರುವ ಕಪ್ಪು ಅಥವಾ ಕೆಂಪು ಬಣ್ಣದ ಹಳೆಯದನ್ನು ಒರೆಸಿ ತೆಗೆಯಬೇಕು. ಲಿಥಿಯಂ ಆಧಾರದ ಬಹೂಪಯೋಗಿ ಗ್ರೀಸ್ ಸಾಕು. ಗ್ರೀಸ್ ಒಳಗೆ ಹೋಗದಿದ್ದರೆ ನಿಪ್ಪಲ್ ಬಿಚ್ಚಿ ಡೀಸೆಲ್‌ನಲ್ಲಿ ತೊಳೆದು, ಅದರ ತುದಿಯ ಗುಂಡು ಒತ್ತಿದಾಗ ಸ್ಪ್ರಿಂಗಿನಿಂದ ಹಿಂದಕ್ಕೆ ಬರುತ್ತದೆಯೇ ನೋಡಿ, ಅನುಮಾನವಿದ್ದರೆ ಹೊಸದನ್ನೇ ಹಾಕಿ; ನಿಪ್ಪಲ್ ಕೂತಿದ್ದ ರಂಧ್ರದೊಳಗೆ ಗಟ್ಟಿಯಾದ ಗ್ರೀಸನ್ನು ತಂತಿಯಿಂದ ಕೆರೆದು ತೆಗೆಯಿರಿ. ದಿನಗಟ್ಟಲೆ ಡೀಸೆಲ್ ಅಥವಾ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಚಕ್ರವನ್ನು ಆಡಿಸುತ್ತಾ ಹೋದರೆ ಎಷ್ಟೋ ಕಿಂಗ್ ಪಿನ್‌ಗಳು ಬಿಚ್ಚದೆಯೇ ಬಿಡುಗಡೆಯಾಗುತ್ತವೆ.

ಬಿಡದಿದ್ದರೆ ಸ್ಪಿಂಡಲ್ ಇಳಿಸಲೇಬೇಕು. ಇಳಿಸಿದ ಮೇಲೆ ಪಿನ್ ಸವೆದಿದ್ದರೆ ಪಿನ್, ಬುಷ್, ಥ್ರಸ್ಟ್ ಬೇರಿಂಗ್, ಸೀಲ್ ನಾಲ್ಕನ್ನೂ ಒಟ್ಟಿಗೆ ಬದಲಾಯಿಸುವುದು ಒಳ್ಳೆಯದು. ಇಲ್ಲಿ ಒಂದು ಎಚ್ಚರಿಕೆ: ಹೊಸ ಬುಷ್ ಒತ್ತಿ ಕೂರಿಸಿದಾಗ ಅದರ ಒಳ ವ್ಯಾಸ ಸ್ವಲ್ಪ ಕುಗ್ಗುತ್ತದೆ, ಆದ್ದರಿಂದ ರಂಧ್ರ ಹಿಗ್ಗಿಸುವ ಉಪಕರಣವಾದ ರೀಮರ್ ಹಾಕಿ ಪಿನ್ನಿಗೆ ಹೊಂದಿಸಬೇಕಾಗುತ್ತದೆ. ಈ ಕೆಲಸ ಬಿಟ್ಟು ಪಿನ್ನನ್ನು ಸುತ್ತಿಗೆಯಿಂದ ಹೊಡೆದು ತೂರಿಸಿದರೆ, ದುರಸ್ತಿಗೆ ಮೊದಲಿಗಿಂತ ದುರಸ್ತಿಯ ನಂತರ ಸ್ಟೀರಿಂಗ್ ಗಟ್ಟಿಯಾಗುತ್ತದೆ. ‘ಹೊಸದು, ಓಡಿಸುತ್ತಾ ಸರಿ ಹೋಗುತ್ತದೆ’ ಎಂಬ ಸಮಾಧಾನವನ್ನು ಒಪ್ಪಬೇಡಿ. ಎಣ್ಣೆ ಸವರಿದ ಪಿನ್ ಕೈಯ ಒತ್ತಡಕ್ಕೆ ಬುಷ್‌ನೊಳಗೆ ಜಾರಬೇಕು, ಅಲ್ಲಾಡಬಾರದು. ಗ್ರೀಸಿನ ರಂಧ್ರ ಬುಷ್‌ನ ರಂಧ್ರಕ್ಕೆ ಎದುರಾಗಿ ಬಂದಿದೆಯೇ ಎಂಬುದನ್ನೂ ಕೂರಿಸುವ ಮೊದಲೇ ನೋಡಿ, ಏಕೆಂದರೆ ತಪ್ಪಿ ಕೂತ ಬುಷ್‌ಗೆ ಎಷ್ಟು ಗ್ರೀಸ್ ಹೊಡೆದರೂ ಒಂದು ಹನಿ ಒಳಗೆ ಹೋಗುವುದಿಲ್ಲ.

ಬಿಡಿಭಾಗ ತರಲು ಜೆ.ಸಿ. ರಸ್ತೆಗೋ ಎಸ್.ಪಿ. ರಸ್ತೆಗೋ ಹೊರಡುವ ಮೊದಲು ಹಳೆಯದನ್ನು ಒರೆಸಿ ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಬೇರಿಂಗಿನ ಪಕ್ಕದಲ್ಲಿ ಅದರ ಸಂಖ್ಯೆ ಕೊರೆದಿರುತ್ತದೆ, ಆಯಿಲ್ ಸೀಲಿನ ಮೇಲೆ ಒಳ ವ್ಯಾಸ, ಹೊರ ವ್ಯಾಸ, ದಪ್ಪ ಈ ಮೂರೂ ಮಿಲಿಮೀಟರಿನಲ್ಲಿ ಇರುತ್ತವೆ. ಟ್ರಾಕ್ಟರಿನ ಹೆಸರು ಹೇಳಿ ಕೇಳುವುದಕ್ಕಿಂತ ಈ ಅಂಕಿಗಳನ್ನು ಹೇಳಿ ಕೇಳುವುದು ಖಚಿತ. ವಿಶೇಷವಾಗಿ ಎಚ್‌ಎಂಟಿ ಇಟ್ಟುಕೊಂಡವರಿಗೆ ಇದು ಅಗತ್ಯ. 1953ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಆ ಸಂಸ್ಥೆ 1971ರಿಂದ ಜೆಟರ್ ಕಂಪನಿಯ ತಂತ್ರಜ್ಞಾನದ ಟ್ರಾಕ್ಟರುಗಳನ್ನು ಹರಿಯಾಣದ ಪಿಂಜೋರ್‌ನಲ್ಲಿ ತಯಾರಿಸಿತು. 2016ರಲ್ಲಿ ಆ ವಿಭಾಗವನ್ನು ಮುಚ್ಚುವ ತೀರ್ಮಾನವಾದ ಮೇಲೆ ಅದರ 2511, 3511 ಮಾದರಿಗಳನ್ನು ಜೋಪಾನ ಮಾಡಿಕೊಂಡಿರುವವರು ಅಳತೆ ನೋಡಿ ಭಾಗ ಹುಡುಕುವುದನ್ನು ಕಲಿಯಲೇಬೇಕಾಗಿದೆ. ಎಷ್ಟೋ ಬೇರಿಂಗು ಮತ್ತು ಸೀಲುಗಳು ಸಾಮಾನ್ಯ ಅಳತೆಯವೇ ಆಗಿರುವುದರಿಂದ ಟ್ರಾಕ್ಟರಿನ ಹೆಸರಿನಲ್ಲಿ ಸಿಗದಿದ್ದದ್ದು ಸಂಖ್ಯೆಯ ಹೆಸರಿನಲ್ಲಿ ಸಿಗುತ್ತದೆ.

ಜಾಯಿಂಟುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಟೈ ರಾಡಿನ ಎರಡು ತುದಿಗಳ ಬಾಲ್ ಜಾಯಿಂಟುಗಳು ಒಂದಕ್ಕೊಂದು ತಿರುಚದೆ ಸಮನಾಗಿ ಕೂತಿರಬೇಕು. ಲಾಕ್ ನಟ್ ಬಿಗಿಯುವಾಗ ಒಂದು ತಿರುಚಿಕೊಂಡರೆ ಪೂರ್ಣ ತಿರುವಿನಲ್ಲಿ ಅದು ಸಿಕ್ಕಿ ಹಾಕಿಕೊಳ್ಳುತ್ತದೆ. ಕಲ್ಲಿಗೆ ಬಡಿದು ಬಾಗಿದ ಸ್ಪಿಂಡಲ್ ಆರ್ಮನ್ನು ಕಾಯಿಸಿ ನೇರ ಮಾಡಿ ಮತ್ತೆ ಹಾಕುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಕಾಯಿಸಿದ ಉಕ್ಕಿನ ಬಲ ಹೋಗಿರುತ್ತದೆ, ಮುರಿಯುವುದು ಭಾರ ಹೊತ್ತು ಇಳಿಜಾರಿನಲ್ಲಿರುವಾಗ.

ಇನ್ನು ಪೆಟ್ಟಿಗೆ. ಲಿಂಕ್ ಕಳಚಿದ ಮೇಲೂ ಸ್ಟೀರಿಂಗ್ ಭಾರವೆಂದು ಖಚಿತವಾದಾಗ ಮಾತ್ರ ಇಲ್ಲಿಗೆ ಬರಬೇಕು, ಬಂದ ಮೇಲೂ ಮೊದಲು ನೋಡಬೇಕಾದ್ದು ಎಣ್ಣೆಯನ್ನು. ಅನೇಕ ಮಾದರಿಗಳಲ್ಲಿ 90ನೇ ನಂಬರಿನ ಗೇರ್ ಆಯಿಲ್ ಹಾಕುತ್ತಾರೆ. ಕೆಳಗಿನ ಸೀಲ್ ಸೋರುತ್ತದೆಂದು ಎಣ್ಣೆಯ ಬದಲಿಗೆ ಗಟ್ಟಿ ಗ್ರೀಸ್ ತುಂಬಿಬಿಡುವ ಪದ್ಧತಿ ಹಳ್ಳಿಗಳಲ್ಲಿ ವ್ಯಾಪಕವಾಗಿದೆ. ಸೋರುವಿಕೆ ನಿಲ್ಲುವುದು ನಿಜ. ಆದರೆ ವರ್ಮ್ ತಿರುಗಿದಾಗ ಗ್ರೀಸ್ ಪಕ್ಕಕ್ಕೆ ಸರಿದು ಅಲ್ಲೇ ನಿಲ್ಲುತ್ತದೆ, ಎಣ್ಣೆಯಂತೆ ಮತ್ತೆ ಹರಿದು ಬರುವುದಿಲ್ಲ. ಕೆಲವೇ ದಿನಗಳಲ್ಲಿ ಗುಂಡುಗಳು ಒಣ ಲೋಹದ ಮೇಲೆ ಉರುಳತೊಡಗುತ್ತವೆ. ಒಂದು ಸೀಲಿನ ಬೆಲೆ ಉಳಿಸಲು ಹೋಗಿ ಇಡೀ ವರ್ಮ್ ಮತ್ತು ನಟ್ ಕಳೆದುಕೊಳ್ಳುವುದು ಯಾವ ಲೆಕ್ಕದಲ್ಲೂ ಉಳಿತಾಯವಲ್ಲ. ಕಾಲಂ ಮೇಲಿನ ರಬ್ಬರ್ ಮುಚ್ಚಳ ಹರಿದಿದ್ದರೆ ಮಳೆಯ ನೀರು ಶಾಫ್ಟಿನ ಉದ್ದಕ್ಕೂ ಇಳಿದು ಪೆಟ್ಟಿಗೆ ಸೇರುತ್ತದೆ. ಎಣ್ಣೆ ಬೆಳ್ಳಗೆ, ಮಜ್ಜಿಗೆಯ ಬಣ್ಣಕ್ಕೆ ತಿರುಗಿದ್ದರೆ ನೀರು ಹೋಗಿದೆ ಎಂದೇ ಅರ್ಥ. ಕಾಲಂ ಮೇಲಿನ ಬುಷ್ ಒಣಗಿದ್ದರೆ ಕಿರುಗುಡುವ ಸದ್ದಿನಿಂದಲೇ ಗೊತ್ತಾಗುತ್ತದೆ.

ಹೊಂದಾಣಿಕೆಯ ತಿರುಪಿನ ವಿಷಯವನ್ನು ಮಾತ್ರ ಒತ್ತಿ ಹೇಳಬೇಕು. ಸ್ಟೀರಿಂಗಿನಲ್ಲಿ ಆಟ (ಮುಂದಿನ ಚಕ್ರ ತಿರುಗದೆ ಸ್ಟೀರಿಂಗ್ ಮಾತ್ರ ಅಲ್ಲಾಡುವ ಸಡಿಲ) ಜಾಸ್ತಿಯಾಯಿತೆಂದು ಪೆಟ್ಟಿಗೆಯ ತಿರುಪನ್ನು ಬಿಗಿ ಮಾಡಿಸಿಕೊಂಡವರಲ್ಲಿ ಎಷ್ಟೋ ಜನ ಮುಂದಿನ ವಾರ ‘ಗಟ್ಟಿಯಾಗಿದೆ’ ಎಂದು ಬರುತ್ತಾರೆ. ಟ್ರಾಕ್ಟರ್ ಹೆಚ್ಚಿನ ಕಾಲ ನೇರವಾಗಿ ಓಡುವುದರಿಂದ ಹಲ್ಲುಗಳು ನಡುವಿನಲ್ಲಿ ಹೆಚ್ಚು, ಎರಡು ಕೊನೆಗಳಲ್ಲಿ ಕಡಿಮೆ ಸವೆಯುತ್ತವೆ. ಚಕ್ರ ತಿರುಗಿರುವ ಸ್ಥಿತಿಯಲ್ಲಿ ಹೊಂದಿಸಿದರೆ, ಅಥವಾ ನಡುವಿನ ಸವೆತವೆಲ್ಲ ಕಾಣೆಯಾಗುವಷ್ಟು ಬಿಗಿದರೆ, ಬೇರೆ ಕಡೆ ಹಲ್ಲುಗಳು ಕಚ್ಚಿಕೊಳ್ಳುತ್ತವೆ. ಚಕ್ರಗಳು ನೇರವಾಗಿರುವಾಗ ಮಾತ್ರ ತಿರುಪು ಹೊಂದಿಸಬೇಕು, ಆಮೇಲೆ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತಿರುಗಿಸಿ ಎಲ್ಲೂ ಹಿಡಿಯುತ್ತಿಲ್ಲವೆಂದು ನೋಡಿ ಲಾಕ್ ನಟ್ ಬಿಗಿಯಬೇಕು. ಸ್ವಲ್ಪ ಆಟ ಉಳಿದರೆ ಉಳಿಯಲಿ. ಅಸಲಿಗೆ ಆ ಆಟದ ದೊಡ್ಡ ಪಾಲು ಪೆಟ್ಟಿಗೆಯದೇ ಆಗಿರುವುದಿಲ್ಲ. ಸವೆದ ಬಾಲ್ ಜಾಯಿಂಟುಗಳದ್ದಾಗಿರುತ್ತದೆ. ಡ್ರಾಪ್ ಆರ್ಮ್ ತೆಗೆಯುವಾಗ ಶಾಫ್ಟಿನ ಮೇಲೂ ಆರ್ಮಿನ ಮೇಲೂ ಗುರುತು ಹಾಕಿಕೊಳ್ಳಿ, ಪುಲ್ಲರ್ ಹಾಕಿಯೇ ಎಳೆಯಿರಿ. ಸುತ್ತಿಗೆಯ ಏಟು ಒಳಗಿನ ಬೇರಿಂಗಿಗೆ ತಲುಪುತ್ತದೆ.

ಪವರ್ ಸ್ಟೀರಿಂಗ್ ಇರುವ ಟ್ರಾಕ್ಟರುಗಳ ಬಗ್ಗೆಯೂ ಕೆಲವು ಮಾತು. ಈಗ ಸಾಮಾನ್ಯವಾಗಿರುವ ಹೈಡ್ರೋಸ್ಟ್ಯಾಟಿಕ್ ವಿಧದಲ್ಲಿ ಕೈಚಕ್ರಕ್ಕೂ ಮುಂದಿನ ಚಕ್ರಕ್ಕೂ ನಡುವೆ ಲೋಹದ ಕೊಂಡಿಯಿಲ್ಲ, ಎಣ್ಣೆ ಮಾತ್ರ ಇದೆ. ಇಲ್ಲೂ ಮೊದಲು ಚಕ್ರವನ್ನು ತಳ್ಳುವ ಸಿಲಿಂಡರಿನ ತುದಿ ಕಳಚಿ ಕಿಂಗ್ ಪಿನ್ ಬಿಗಿ ಇದೆಯೇ ನೋಡಬೇಕು, ಕ್ರಮ ಬದಲಾಗುವುದಿಲ್ಲ. ಅದು ಹಗುರವಿದ್ದರೆ ಎಣ್ಣೆಯ ಮಟ್ಟ, ನೊರೆ, ಫಿಲ್ಟರ್ ನೋಡಿ. ಎಂಜಿನ್ ನಿಧಾನವಿದ್ದಾಗ ಗಟ್ಟಿ, ವೇಗ ಹೆಚ್ಚಿಸಿದಾಗ ಹಗುರ ಎಂದಾದರೆ ಪಂಪು ಸವೆದಿರುವ ಸಾಧ್ಯತೆ ಹೆಚ್ಚು. ಒಂದೇ ಕಡೆಗೆ ಗಟ್ಟಿಯಾದರೆ ವಾಲ್ವ್ ಅಥವಾ ಸಿಲಿಂಡರಿನ ಸೀಲ್. ಕಿವಿಗೆ ಕೊರೆಯುವ ಸದ್ದು ಮತ್ತು ತಡೆದು ತಡೆದು ತಿರುಗುವುದು ಗಾಳಿ ಸೇರಿದ ಲಕ್ಷಣ. ಮುಂಭಾಗ ಎತ್ತಿ, ಎಂಜಿನ್ ನಿಧಾನದಲ್ಲಿಟ್ಟು, ಕೊನೆಯಿಂದ ಕೊನೆಗೆ ಹಲವು ಬಾರಿ ತಿರುಗಿಸಿದರೆ ಗಾಳಿ ಹೊರಹೋಗುತ್ತದೆ. ಗಟ್ಟಿಯಾಯಿತೆಂದು, ಒತ್ತಡ ಮಿತಿ ಮೀರದಂತೆ ಕಾಯುವ ರಿಲೀಫ್ ವಾಲ್ವ್‌ನ ಸ್ಪ್ರಿಂಗ್ ಕೆಳಗೆ ವಾಷರ್ ಸೇರಿಸಿ ಒತ್ತಡ ಏರಿಸುವುದು ಹೋಸು ಸಿಡಿಯಲು ದಾರಿ ಮಾಡಿಕೊಡುತ್ತದೆ. ಸೋರುವ ಜಾಗವನ್ನು ಬರಿಗೈಯಿಂದ ಸವರಿ ಹುಡುಕಬೇಡಿ. ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರದಿಂದ ಚಿಮ್ಮುವ ಎಣ್ಣೆ ಚರ್ಮ ತೂರಿ ಒಳಹೋಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ತಡಮಾಡದೆ ಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಗೆ ಹೋಗಬೇಕಾದ ಸ್ಥಿತಿ ಅದು. ಒಂದು ರಟ್ಟಿನ ತುಂಡನ್ನು ಹಿಡಿದು ನೋಡಿದರೆ ಸಾಕು.

ಉಪನ್ಯಾಸದ ನಂತರ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಸೇರಿಸುತ್ತಿದ್ದೇನೆ.

ಒಬ್ಬ ಚಾಲಕರು, ಸ್ಟೀರಿಂಗ್ ಗಟ್ಟಿ ಇರುವಾಗ ಒಂದೇ ಕಡೆಯ ಬ್ರೇಕ್ ಒತ್ತಿ ತಿರುಗಿಸಿಕೊಳ್ಳುವುದರಲ್ಲಿ ತಪ್ಪೇನು ಎಂದು ಕೇಳಿದರು. ಹೊಲದ ಅಂಚಿನಲ್ಲಿ, ನಡಿಗೆಯ ವೇಗದಲ್ಲಿ, ಅದಕ್ಕಾಗಿಯೇ ಎರಡು ಪೆಡಲ್ ಕೊಟ್ಟಿದ್ದಾರೆ. ಆದರೆ ಹೊಲದಿಂದ ರಸ್ತೆಗೆ ಬರುವ ಮೊದಲು ಎರಡೂ ಪೆಡಲ್‌ಗಳನ್ನು ಕೊಂಡಿ ಹಾಕಿ ಜೋಡಿಸಲೇಬೇಕು. ಗಟ್ಟಿ ಸ್ಟೀರಿಂಗಿಗೆ ಬ್ರೇಕನ್ನು ಮದ್ದಾಗಿ ಬಳಸಿ ರೂಢಿಯಾದವರು ಆ ಕೊಂಡಿಯನ್ನೇ ತೆಗೆದಿಟ್ಟಿರುತ್ತಾರೆ. ರಸ್ತೆಯ ವೇಗದಲ್ಲಿ ಒಂದು ಕಡೆಯ ಬ್ರೇಕ್ ಮಾತ್ರ ಹಿಡಿದರೆ ಟ್ರಾಕ್ಟರ್ ಮಗುಚುತ್ತದೆ.

ಇನ್ನೊಬ್ಬರು ಎಂಜಿನ್‌ನಿಂದ ತೆಗೆದ ಹಳೆಯ ಎಣ್ಣೆಯನ್ನು ಕಿಂಗ್ ಪಿನ್ನಿಗೂ ಪೆಟ್ಟಿಗೆಗೂ ಬಿಡಬಹುದೇ ಎಂದರು. ಬೇಡ. ಅದರಲ್ಲಿ ಮಸಿ ಮತ್ತು ಲೋಹದ ಪುಡಿ ಇರುತ್ತವೆ, ತೆಳುವಾಗಿರುವುದರಿಂದ ಭಾರದ ಕೆಳಗೆ ನಿಲ್ಲುವುದೂ ಇಲ್ಲ.

ಕೊನೆಯ ಪ್ರಶ್ನೆ, ಹಳೆಯ ಟ್ರಾಕ್ಟರಿಗೆ ಹೊರಗಿನಿಂದ ಪವರ್ ಸ್ಟೀರಿಂಗ್ ಕಿಟ್ ಹಾಕಿಸಬಹುದೇ ಎಂಬುದು. ಹಾಕಿಸಬಹುದು, ದಿನವಿಡೀ ರಸ್ತೆಯಲ್ಲಿ ತಿರುಗುವ ಟ್ಯಾಂಕರ್ ಟ್ರಾಕ್ಟರಿಗೆ, ವಯಸ್ಸಾದ ಚಾಲಕರಿಗೆ ಅದು ನಿಜವಾಗಿ ಉಪಕಾರಿ. ಆದರೆ ಅದನ್ನು ಹಾಕಿಸುವ ದಿನ ಕಿಂಗ್ ಪಿನ್, ಬುಷ್, ಥ್ರಸ್ಟ್ ಬೇರಿಂಗ್, ಬಾಲ್ ಜಾಯಿಂಟುಗಳು ಮೊದಲೇ ಸರಿಯಾಗಿರಬೇಕು. ತುಕ್ಕು ಹಿಡಿದ ಪಿನ್ನನ್ನು ಮನುಷ್ಯನ ತೋಳು ತಿರುಗಿಸಲಾಗದಿದ್ದಾಗ ತೋಳು ಸೋಲುತ್ತದೆ, ಅದರಿಂದ ದೋಷ ನಮಗೆ ತಿಳಿಯುತ್ತದೆ. ಅದೇ ಪಿನ್ನನ್ನು ಎಣ್ಣೆಯ ಒತ್ತಡ ತಿರುಗಿಸಿದಾಗ ಸೋಲುವುದು ಆರ್ಮ್ ಅಥವಾ ಅದರ ಬೋಲ್ಟ್. ಅದು ಮುರಿಯುವವರೆಗೆ ಚಾಲಕನ ಕೈಗೆ ಏನೂ ಗೊತ್ತಾಗುವುದಿಲ್ಲ. ಹಾಕಿಸಿದ ಮೇಲೆ ಮೊದಲ ದಿನದ ಕೆಲಸ ಮುಗಿದ ಕೂಡಲೇ ಸಿಲಿಂಡರ್ ಹಿಡಿದಿರುವ ಬ್ರ್ಯಾಕೆಟಿನ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಯಿರಿ, ಪ್ರತಿ ಬಾಲ್ ಜಾಯಿಂಟಿನ ನಟ್‌ಗೂ ಸ್ಪ್ಲಿಟ್ ಪಿನ್ ಇದೆಯೇ ಎಂದು ಕಣ್ಣಾರೆ ನೋಡಿ, ಎರಡೂ ಕಡೆಯ ಪೂರ್ಣ ತಿರುವಿನಲ್ಲಿ ಹೋಸು ಟೈರಿಗೆ ಉಜ್ಜುತ್ತಿಲ್ಲವೆಂದು ಖಚಿತ ಮಾಡಿಕೊಂಡ ನಂತರವೇ ಟ್ಯಾಂಕರ್ ಜೋಡಿಸಿ.